ಹಾಡು ಮೊದಲು, ಪಿಚ್ಚರ್ ಆಮೇಲೆ, ಪುಸ್ತಕ ಕೊನೆಗೆ: ಶಿಗ್ಲಿಯ ಹೊಸ ರಸಿಕರಿಗೊಂದು ಕೈಪಿಡಿ

ಶುಕ್ರವಾರ ಹೊಸ ಸಿನಿಮಾ ಬಿಡುಗಡೆ. ಅದರ ಹಾಡು ವಾರಗಟ್ಟಲೆ ಮೊದಲೇ ಯೂಟ್ಯೂಬಿಗೆ ಬಂದು ಕೂತಿರುತ್ತದೆ. ಭಾನುವಾರದ ಪುರವಣಿ ಬಿಚ್ಚಿದರೆ ಹೊಸ ಪುಸ್ತಕಗಳ ಪರಿಚಯ. ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಶಿಗ್ಲಿಗೂ ಈಗ ಇವು ಮೂರೂ ತಡವಿಲ್ಲದೆ ಬಂದು ಮುಟ್ಟುತ್ತವೆ. ನೇಕಾರರ ಊರಿದು. ಮಗ್ಗದ ಸದ್ದಿನ ನಡುವೆಯೇ ಹಾಡು ಕೇಳುವುದು ಇಲ್ಲಿ ಹೊಸ ಸಂಗತಿಯಲ್ಲ; ಮೊದಲು ಧಾರವಾಡ ಆಕಾಶವಾಣಿ, ಆಮೇಲೆ ಟೇಪ್‌ರೆಕಾರ್ಡರ್, ಈಗ ಮೊಬೈಲು. ಆದರೆ ವಾರವಾರವೂ ಬಂದು ಬೀಳುವ ಇಷ್ಟರಲ್ಲಿ ಯಾವುದನ್ನು ಹಿಡಿಯಬೇಕು, ಹಿಡಿದದ್ದನ್ನು ಹೇಗೆ ಸವಿಯಬೇಕು ಎಂಬುದನ್ನು ಹೊಸಬರಿಗೆ ಕೂತು ಹೇಳಿಕೊಡುವವರು ಕಡಿಮೆ.

ಹೊಸಬರು ಸಿನಿಮಾ, ಸಂಗೀತ, ಪುಸ್ತಕ ಮೂರನ್ನೂ ಬೇರೆ ಬೇರೆ ಅಂಗಡಿಯ ಸರಕೆಂದು ತಿಳಿಯುತ್ತಾರೆ. ಕನ್ನಡದಲ್ಲಿ ಇವು ಒಂದೇ ಮನೆಯಲ್ಲಿ ಬೆಳೆದವು. ‘ಬಂಗಾರದ ಮನುಷ್ಯ’ದ ಹಿಂದೆ ಟಿ.ಕೆ. ರಾಮರಾವ್ ಅವರ ಕಾದಂಬರಿ ಇದೆ, ‘ನಾಗರಹಾವು’ ಚಿತ್ರದ ಹಿಂದೆ ತ.ರಾ.ಸು. ಅವರ ಮೂರು ಕಾದಂಬರಿಗಳಿವೆ. ಎರಡೂ 1972ರ ಚಿತ್ರಗಳು. ಆ ಕಾಲದ ಪ್ರೇಕ್ಷಕರಲ್ಲಿ ಎಷ್ಟೋ ಮಂದಿ ಥೇಟರಿನಿಂದ ಹೊರಬಂದು ಗ್ರಂಥಾಲಯದ ಕಡೆ ನಡೆದರು. ಆ ದಾರಿ ಈಗಲೂ ಮುಚ್ಚಿಲ್ಲ. ಹೊಸ ರಸಿಕರು ಅದನ್ನೇ ಹಿಡಿಯುವುದು ಒಳ್ಳೆಯದು, ಈ ಕ್ರಮದಲ್ಲಿ: ಮೊದಲು ಹಾಡು, ಆಮೇಲೆ ಪಿಚ್ಚರ್, ಕೊನೆಗೆ ಪುಸ್ತಕ. ಪುಸ್ತಕ ಓದಿಯೇ ಸಿನಿಮಾ ನೋಡಬೇಕೆಂದು ಹೇಳುವ ಹಿರಿಯರಿದ್ದಾರೆ. ಅವರ ಮಾತಿಗೆ ಗೌರವವಿದೆ. ಆದರೆ ಹಾಗೆ ಓದಿ ಹೋದ ಹೊಸಬರು ಪರದೆಯ ಮುಂದೆ ಲೆಕ್ಕ ತಪಾಸಣೆಗೆ ಕೂತುಬಿಡುತ್ತಾರೆ: ಆ ಪಾತ್ರ ಬಿಟ್ಟರು, ಈ ಸಾಲು ಬಿಟ್ಟರು. ಮುಂದೇನೆಂಬ ಕುತೂಹಲ ಅಲ್ಲಿಗೇ ಸತ್ತಿರುತ್ತದೆ.

ಹಾಡಿನಿಂದ ಯಾಕೆ ಶುರು ಮಾಡಬೇಕು ಎಂಬುದಕ್ಕೆ ಗದಗಿನಲ್ಲೇ ದೊಡ್ಡ ಸಾಕ್ಷಿ ಇದೆ. ಭೀಮಸೇನ ಜೋಶಿ ಬೆಳೆದದ್ದು ಈ ಸೀಮೆಯಲ್ಲಿ. ಅಬ್ದುಲ್ ಕರೀಂ ಖಾನರ ಒಂದು ಠುಮ್ರಿಯ ಗ್ರಾಮಫೋನ್ ರೆಕಾರ್ಡು ಹುಡುಗನ ಕಿವಿಗೆ ಬಿತ್ತು. ಅದು ತಲೆಯಿಂದ ಇಳಿಯಲಿಲ್ಲ. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಉತ್ತರ ಭಾರತವೆಲ್ಲ ಅಲೆದು ಕೊನೆಗೆ ಗುರು ಸಿಕ್ಕಿದ್ದು ಲಕ್ಷ್ಮೇಶ್ವರಕ್ಕೆ ದೂರವಲ್ಲದ ಕುಂದಗೋಳದಲ್ಲಿ. ಅವರು ಸವಾಯಿ ಗಂಧರ್ವರು, ಅದೇ ಕರೀಂ ಖಾನರ ಶಿಷ್ಯರು. ಒಂದು ಹಾಡನ್ನು ಪೂರ್ತಿ ಮನಸ್ಸಿಟ್ಟು ಕೇಳಿದ್ದರಿಂದ ಶುರುವಾದ ಪ್ರಯಾಣ ಅದು. ಮುಂದೆ 1966ರಲ್ಲಿ ಅ.ನ.ಕೃ. ಅವರ ಕಾದಂಬರಿ ‘ಸಂಧ್ಯಾರಾಗ’ ರಾಜಕುಮಾರ್ ನಾಯಕರಾಗಿ ಸಿನಿಮಾ ಆದಾಗ ಅದರಲ್ಲಿ ಭೀಮಸೇನರ ಕಂಠ ಕೇಳಿತು, ಬಾಲಮುರಳೀಕೃಷ್ಣ ಅವರದೂ ಕೇಳಿತು. ಹಿಂದೂಸ್ತಾನಿ, ಕರ್ನಾಟಕಿ ಎರಡೂ ಒಂದೇ ಕನ್ನಡ ಚಿತ್ರದಲ್ಲಿ. ಕಾದಂಬರಿಯೇ ಸಂಗೀತಗಾರನ ಬಾಳಿನದು. ಆದ್ದರಿಂದ ಆ ಚಿತ್ರದಲ್ಲಿ ಹಾಡನ್ನು ದಾಟಿ ಮುಂದೆ ಓಡಿಸುವವರಿಗೆ ಕಥೆಯೂ ಸಿಕ್ಕುವುದಿಲ್ಲ.

ಹಾಗಾದರೆ ಕೇಳುವುದು ಹೇಗೆ? ಈ ಕಾಲದಲ್ಲಿ ಹೊಸ ಹಾಡನ್ನು ಜನ ಕೇಳುವ ಮೊದಲೇ ನೋಡಿಬಿಡುತ್ತಾರೆ. ವಿಡಿಯೋದ ಬಟ್ಟೆಬರೆ, ಕುಣಿತ, ವಿದೇಶದ ಬೆಟ್ಟ ಕಣ್ಣು ತುಂಬಿದರೆ ಕಿವಿಗೆ ಜಾಗ ಉಳಿಯುವುದಿಲ್ಲ. ಮೊದಲ ಸಲ ಮೊಬೈಲನ್ನು ಬೋರಲು ಇಟ್ಟು ಕೇಳಬೇಕು. ಎರಡನೆಯ ಸಲ ಮಾತಿನ ಕಡೆ ಲಕ್ಷ್ಯ: ಹಾಡುತ್ತಿರುವುದು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ? ಆಮೇಲೆ ಸಾಹಿತ್ಯ, ಸಂಗೀತ, ಗಾಯನ ಯಾರದೆಂದು ನೋಡಿ ಮೂರೂ ಹೆಸರು ಬರೆದಿಟ್ಟುಕೊಳ್ಳಬೇಕು. ನಟನ ಹೆಸರಿನಲ್ಲಿ ಹಾಡು ಗುರುತಿಸುವ ರೂಢಿ ಬಿಟ್ಟರೆ ಅರ್ಧ ರಸಿಕತನ ಬಂದ ಹಾಗೆ.

ಇದನ್ನು ಪ್ರಯೋಗ ಮಾಡಿ ನೋಡಲು ಶಿಗ್ಲಿಯವರಿಗೆ ‘ನಾಗಮಂಡಲ’ಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ. ಟಿ.ಎಸ್. ನಾಗಾಭರಣ ನಿರ್ದೇಶನದ, 1997ರ ಚಿತ್ರ. ಸಿ. ಅಶ್ವತ್ಥ್ ಸಂಗೀತ. ಹಾಡು ಬರೆದವರು ಗೋಪಾಲ ವಾಜಪೇಯಿ, ಹುಟ್ಟಿದ್ದು ಇಲ್ಲೇ ಲಕ್ಷ್ಮೇಶ್ವರದಲ್ಲಿ. ಕಂಬದ ಮೇಲೆ ಕೆತ್ತಿದ ಗೊಂಬೆಯನ್ನು ಮಾತನಾಡಿಸುವ ಅದರ ಹಾಡನ್ನು ಸಂಗೀತಾ ಕಟ್ಟಿ ಹಾಡಿದ್ದಾರೆ. ಚಿತ್ರ ನೋಡದೆ ಬರೀ ಹಾಡು ಕೇಳಿದಾಗ ಮೊದಲು ತಿಳಿಯುವುದು ಇಷ್ಟು: ಹೆಣ್ಣುಮಗಳೊಬ್ಬಳು ಗೊಂಬೆಯ ಜೊತೆ ಮಾತಾಡುತ್ತಿದ್ದಾಳೆ, ಅಂದರೆ ಆ ಮನೆಯಲ್ಲಿ ಮಾತಿಗೆ ಬೇರೆ ಯಾರೂ ಇಲ್ಲ. ಆಮೇಲೆ ತಿಳಿಯುವುದು ಅವಳ ದನಿಯ ಅನುಮಾನ. ಸಂತೋಷವೇನೋ ಆಗಿದೆ, ಅದನ್ನು ನಂಬಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಅಶ್ವತ್ಥರ ಧಾಟಿ ಎಲ್ಲೂ ಅವಸರ ಮಾಡುವುದಿಲ್ಲ. ಮಾತೂ ಲಕ್ಷ್ಮೇಶ್ವರದ ಸಂತೆಯಲ್ಲಿ ಕೇಳುವಂಥದೇ, ಸಿನಿಮಾಕ್ಕೆಂದು ಇಸ್ತ್ರಿ ಮಾಡಿದ್ದಲ್ಲ.

ಇಷ್ಟನ್ನು ಕಿವಿಯಲ್ಲಿ ಇಟ್ಟುಕೊಂಡು ಸಿನಿಮಾ ನೋಡಿದರೆ ಆ ಅನುಮಾನದ ಬೇರು ಕಾಣುತ್ತದೆ. ಹಾಡಿನ ಆ ಹೆಣ್ಣುಮಗಳು ರಾಣಿ. ಅವಳ ಗಂಡ ಅಪ್ಪಣ್ಣ ಹಗಲು ಬಂದು, ಉಂಡು, ಬೀಗ ಜಡಿದು ಹೋಗುತ್ತಾನೆ. ಅವನದೇ ರೂಪ ತೊಟ್ಟ ಹಾವು, ನಾಗಪ್ಪ, ರಾತ್ರಿ ಬರುತ್ತಾನೆ. ರಾಣಿಗೆ ಹಗಲಿನ ಗಂಡನೂ ರಾತ್ರಿಯ ಗಂಡನೂ ಒಬ್ಬನೇ. ಎರಡೂ ಪಾತ್ರ ಪ್ರಕಾಶ್ ರೈ ಅವರದು. ಬಾಗಿಲು ತೆರೆಯುವ ರೀತಿಯಲ್ಲಿ, ಅವಳ ಮುಖ ನೋಡುವ ರೀತಿಯಲ್ಲಿ ಇಬ್ಬರೂ ಹೇಗೆ ಬೇರೆಯಾಗುತ್ತಾರೆ ಎಂಬುದನ್ನು ಗಮನಿಸುವುದೇ ನಟನೆಯ ಮೊದಲ ಪಾಠ. ಡೈಲಾಗು ಜೋರಾಗಿ ಹೇಳುವುದೇ ನಟನೆ ಎಂದುಕೊಂಡ ಹುಡುಗರಿಗೆ ಈ ಚಿತ್ರ ಎರಡು ಸಲ ತೋರಿಸಬೇಕು.

ಮೂರನೆಯದಾಗಿ ಗಿರೀಶ ಕಾರ್ನಾಡರ ನಾಟಕ ಕೈಗೆತ್ತಿಕೊಂಡರೆ ಸಿನಿಮಾದಲ್ಲಿ ಸಿಗದ ಒಂದು ಬಾಗಿಲು ತೆರೆಯುತ್ತದೆ. ಅದರ ಶುರುವಿಗೆ ಊರಿನ ದೀಪಗಳ ಜ್ವಾಲೆಗಳೆಲ್ಲ ರಾತ್ರಿ ಪಾಳುಗುಡಿಯಲ್ಲಿ ಸೇರಿ ಹರಟುತ್ತವೆ. ಕಥೆಯೊಂದನ್ನೂ ಹಾಡೊಂದನ್ನೂ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡ ಒಬ್ಬ ಮುದುಕಿಯ ಸುದ್ದಿ ಅಲ್ಲಿ ಬರುತ್ತದೆ. ಅವಳು ನಿದ್ದೆ ಹೋದಾಗ ಎರಡೂ ಬಾಯಿಂದ ಜಾರಿ ಓಡಿಬರುತ್ತವೆ: ಕಥೆ ಹೆಣ್ಣಾಗಿ, ಹಾಡು ಅವಳ ಸೀರೆಯಾಗಿ. ಸೀರೆ ನೇಯುವ ಊರಿನವರಿಗೆ ಈ ಜಾಗ ತಲುಪಿದಾಗ ಆಗುವ ಖುಷಿಯೇ ಬೇರೆ. ಎ.ಕೆ. ರಾಮಾನುಜನ್ ಹೇಳಿದ ಜನಪದ ಕಥೆಗಳಿಂದ ಕಾರ್ನಾಡರು ಕಟ್ಟಿದ ನಾಟಕವಿದು. ಹಾಡಿನಿಂದ ಹೊರಟವರು ಸಿನಿಮಾ, ನಾಟಕ ದಾಟಿ ಅಜ್ಜಿ ಹೇಳುವ ಕಥೆಯವರೆಗೆ ಬಂದಿರುತ್ತಾರೆ.

ಭಾಷೆಯ ಬಗ್ಗೆ ಇನ್ನೊಂದು ಮಾತು ಖಂಡಿತ ಹೇಳಬೇಕು. ಗದಗ, ಧಾರವಾಡ, ರಾಯಚೂರು ಕಡೆಯ ಮಾತನ್ನು ಕನ್ನಡ ಸಿನಿಮಾ ಬಹಳ ವರ್ಷ ನಗಿಸಲಿಕ್ಕೆ ಮಾತ್ರ ಬಳಸಿತು. ಅಡುಗೆಯವ, ಪೊಲೀಸ್ ಪೇದೆ, ಊರಿಂದ ಬಂದ ಸೋದರಮಾವ: ಇವರ ಬಾಯಲ್ಲಿ ಈ ಮಾತು, ನಾಯಕನ ಬಾಯಲ್ಲಿ ಬೆಂಗಳೂರಿನದು. ಸಾವಿರ ವರ್ಷಕ್ಕೂ ಹಿಂದೆ ಪಂಪ ತನ್ನ ಕಾವ್ಯದ ಕನ್ನಡ ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡ. ಆ ಪುಲಿಗೆರೆಯೇ ಈಗಿನ ಲಕ್ಷ್ಮೇಶ್ವರ. ಅಂಥ ನೆಲದ ಮಾತು ನಗೆಪಾಟಲಿಗೆ ಮೀಸಲಾಗುವುದನ್ನು ಇಲ್ಲಿನ ರಸಿಕರು ಸುಮ್ಮನೆ ಒಪ್ಪಿಕೊಳ್ಳಬೇಕಿಲ್ಲ. ಹೊಸ ಸಿನಿಮಾ ನೋಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ಮಾತಾಡುವವರಿಗೆ ದುಃಖಪಡುವ ಹಕ್ಕನ್ನು ಚಿತ್ರ ಕೊಟ್ಟಿದೆಯೇ? 2024ರಲ್ಲಿ ತೆರೆಕಂಡ, ಉತ್ಸವ್ ಗೋನವಾರ ನಿರ್ದೇಶನದ ‘ಫೋಟೋ’ ಕೊಟ್ಟಿದೆ. ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆಯ ರಾಯಚೂರು ಕಡೆಯ ಹುಡುಗ, ಬೆಂಗಳೂರಿಗೆ ದುಡಿಯಲು ಹೋದ ತಂದೆ, ನಡುವೆ ಲಾಕ್‌ಡೌನ್. ದುಡಿಯಲು ಗುಳೆ ಹೋಗುವುದು ಗೊತ್ತಿರುವ ಗದಗ ಜಿಲ್ಲೆಯಲ್ಲಿ ಆ ಚಿತ್ರವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಶಾಸ್ತ್ರೀಯ ಸಂಗೀತವೆಂದರೆ ಹೆದರುವ ಹೊಸಬರಿಗೂ ಸಿನಿಮಾದ ಮೂಲಕವೇ ಒಂದು ಸುಲಭದ ದಾರಿ ಇದೆ, ಅದೂ ಗದಗಿನ ಮೇಲೇ ಹಾದುಹೋಗುತ್ತದೆ. ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ, ಕಣ್ಣಿಲ್ಲದ ಮಕ್ಕಳಿಗೆ ಸಂಗೀತವನ್ನೇ ಬದುಕಾಗಿ ಕೊಟ್ಟ ಪಂಚಾಕ್ಷರಿ ಗವಾಯಿಗಳ ಜೀವನವನ್ನು ಚಿಂದೋಡಿ ಬಂಗಾರೇಶ್ ಸಿನಿಮಾ ಮಾಡಿದರು. ಅದರ ಹೆಸರು ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’. 1995ರ ಸಾಲಿನ ರಾಷ್ಟ್ರ ಪ್ರಶಸ್ತಿಗಳಲ್ಲಿ ಹಂಸಲೇಖ ಅವರಿಗೆ ಸಂಗೀತ ನಿರ್ದೇಶನಕ್ಕೆ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಗಾಯನಕ್ಕೆ ಪ್ರಶಸ್ತಿ ತಂದ ಚಿತ್ರ ಅದು. ಎಸ್‌ಪಿಬಿ ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಕಲಿತವರಲ್ಲ. ಆದರೂ ಈ ಚಿತ್ರದಲ್ಲಿ ಮಳೆಮೋಡಗಳ ಮೇಲಿನ ಬಂದಿಶನ್ನು, ಅಂದರೆ ಶಾಸ್ತ್ರೀಯ ರಚನೆಯನ್ನು, ಅವರು ಹಾಡಿರುವ ಬಗೆ ಕೇಳಿ ಆನಂದಪಡುವಂಥದು.

ಕೇಳುವಾಗ ರಾಗದ ಹೆಸರು ಗೊತ್ತಿರಲೇಬೇಕೆಂದಿಲ್ಲ. ತಬಲಾದ ಜೊತೆ ಬೆರಳಲ್ಲಿ ತಾಳ ಹಾಕುತ್ತ ಕೂತರೆ ಸಾಕು. ಗಾಯಕ ಸ್ವರಗಳಲ್ಲಿ ಎಷ್ಟೇ ದೂರ ಹೋಗಲಿ, ಹಾಡಿನ ಮೊದಲ ತುಣುಕು ಮತ್ತೆ ಮತ್ತೆ ತಿರುಗಿ ಬರುತ್ತದೆ, ಬಂದು ತಬಲಾದ ಒಂದೇ ಪೆಟ್ಟಿನ ಮೇಲೆ ಕೂಡುತ್ತದೆ. ಆ ಜಾಗಕ್ಕೆ ‘ಸಮ’ ಎನ್ನುತ್ತಾರೆ. ಬೈಠಕ್ಕಿನಲ್ಲಿ ಬಲ್ಲವರು ಒಮ್ಮೆಗೇ ತಲೆದೂಗುವುದು ಅಲ್ಲಿ. ಒಂದು ಹಾಡಿನಲ್ಲಿ ಸಮ ಹಿಡಿಯಲು ಬಂದರೆ ಸಾಕು, ಪುಣ್ಯಾಶ್ರಮದ ಸಂಗೀತ ಸಭೆಗೆ ಹೋಗಿ ಅಳುಕಿಲ್ಲದೆ ಕೂರಬಹುದು. ಪಂಚಾಕ್ಷರಿ ಗವಾಯಿಗಳ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಂಡರೂ ಅಲ್ಲಿ ಮಕ್ಕಳ ಸಾಧನೆ ನಿಂತಿಲ್ಲ.

ಪುಸ್ತಕದ ವಿಷಯಕ್ಕೆ ಬಂದರೆ, ಹೊಸಬರು ದಪ್ಪ ಕಾದಂಬರಿಯ ಬದಲು ಸಣ್ಣಕಥೆಯಿಂದ ಶುರು ಮಾಡಲಿ. ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನ ಒಂದಿದ್ದರೆ ತಿಂಗಳ ಅಭ್ಯಾಸಕ್ಕೆ ಸಾಕು. ಶೀರ್ಷಿಕೆಯ ಕಥೆ 1973ರಲ್ಲೇ ಎನ್. ಲಕ್ಷ್ಮೀನಾರಾಯಣ್ ಅವರ ಕೈಯಲ್ಲಿ ಸಿನಿಮಾ ಆಯಿತು. ‘ತಬರನ ಕಥೆ’ ಗಿರೀಶ ಕಾಸರವಳ್ಳಿಯವರಿಗೆ ಸ್ವರ್ಣಕಮಲ ತಂದಿತು, ತಬರನಾದ ಚಾರುಹಾಸನ್ ಅತ್ಯುತ್ತಮ ನಟರಾದರು. ‘ಡೇರ್ ಡೆವಿಲ್ ಮುಸ್ತಾಫಾ’ ಮಾತ್ರ 2023ರವರೆಗೆ ಕಾದು, ತೇಜಸ್ವಿ ಓದುಗರೇ ಹಣ ಕೂಡಿಸಿದ ಮೇಲೆ ಶಶಾಂಕ್ ಸೋಗಾಲ್ ನಿರ್ದೇಶನದಲ್ಲಿ ತೆರೆಗೆ ಬಂತು.

ಇವುಗಳಲ್ಲಿ ಮುಸ್ತಾಫಾನನ್ನು ಮೊದಲು ನೋಡಿ, ಆಮೇಲೆ ಓದಬೇಕು. ಪುಸ್ತಕದಲ್ಲಿ ಕೆಲವೇ ಪುಟದ ಕಥೆ. ಸಿನಿಮಾ ಎರಡು ಗಂಟೆ ದಾಟುತ್ತದೆ. ಹಿಂದೂ ಹುಡುಗರೇ ತುಂಬಿದ ಕಾಲೇಜಿಗೆ ಬರುವ ಒಬ್ಬ ಮುಸ್ಲಿಂ ಹುಡುಗ, ಅವನನ್ನು ನೋಡಿ ಉಳಿದವರಿಗೆ ಆಗುವ ದಿಗಿಲು: ತೇಜಸ್ವಿ ಇದನ್ನು ಹುಡುಗರ ತುಂಟತನದ ದನಿಯಲ್ಲಿ ಹೇಳಿ ಮುಗಿಸುತ್ತಾರೆ. ಸಿನಿಮಾ ಎಲ್ಲಿ ಹಿಗ್ಗಿಸಿತು, ಹಿಗ್ಗಿಸಿದ್ದು ಕಥೆಯ ಸ್ವಭಾವಕ್ಕೆ ಒಪ್ಪಿತೋ ಇಲ್ಲವೋ ಎಂದು ಪೆನ್ಸಿಲ್ ಹಿಡಿದು ಗುರುತು ಹಾಕುತ್ತ ಓದಿದರೆ, ಬರೆಯುವವನ ಕೆಲಸವೇನು, ನಿರ್ದೇಶಕನ ಕೆಲಸವೇನು ಎಂಬುದು ಕೂತಲ್ಲಿಯೇ ಬಿಡಿಸಿದ ಹಾಗೆ ತಿಳಿಯುತ್ತದೆ.

ಪುಸ್ತಕ ಸಿಗುವುದು ಎಲ್ಲಿ ಎಂದು ಕೇಳುವವರಿಗೆ ಗದಗ ಜಿಲ್ಲೆಯಲ್ಲಿ ಉತ್ತರಕ್ಕೆ ಬರವಿಲ್ಲ. ಗದಗ-ಬೆಟಗೇರಿಯನ್ನು ಮುದ್ರಣ ಕಾಶಿ ಎಂದೇ ಕರೆಯುತ್ತಾರೆ. ಕಂಪನಿ ನಾಟಕಗಳ ಪುಸ್ತಕ ಅಚ್ಚಾಗಿ ಊರೂರಿಗೆ ಹೋದದ್ದು ಇಲ್ಲಿಂದ. ತೋಂಟದಾರ್ಯ ಮಠದಲ್ಲಿ ವಾರಕ್ಕೊಮ್ಮೆ ಸೋಮವಾರ ನಡೆಯುವ ಶಿವಾನುಭವದಲ್ಲಿ ವಚನ ಸಂಗೀತವೂ ಪುಸ್ತಕದ ಮಾತೂ ಒಂದೇ ವೇದಿಕೆಯಲ್ಲಿ ಸಿಗುತ್ತವೆ. 2018ರಲ್ಲಿ ಲಿಂಗೈಕ್ಯರಾದ ಆ ಮಠದ ಸಿದ್ಧಲಿಂಗ ಸ್ವಾಮೀಜಿಯವರನ್ನು ಜನ ಪುಸ್ತಕದ ಸ್ವಾಮೀಜಿ ಎಂದೇ ನೆನೆಯುತ್ತಾರೆ. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರವೆಂದು ಹೆಸರು. ಅಲ್ಲಿ ಬೇಕಾದ ಪುಸ್ತಕ ಕಾಣದಿದ್ದರೆ ಹೆಸರು ಬರೆದುಕೊಟ್ಟು ತರಿಸಿರೆಂದು ಕೇಳುವುದು ಓದುಗರ ಹಕ್ಕು.

ಹೊಸದನ್ನೇ ಬೆನ್ನುಹತ್ತುವವರಿಗೂ ಈ ದಾರಿ ಒದಗುತ್ತದೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರ ಬಾಯಲ್ಲೂ ಅದೇ ಹೆಸರು. ಅನುವಾದಕಿ ದೀಪಾ ಭಾಸ್ತಿ. ಆದರೆ ಕನ್ನಡ ಬಲ್ಲವರಿಗೆ ಅನುವಾದದ ಹಂಗಿಲ್ಲ, ಮೂಲವೇ ಕೈಯಲ್ಲಿದೆ. ಬಾನು ಅವರ ‘ಕರಿನಾಗರಗಳು’ ಕಥೆಯನ್ನು ಕಾಸರವಳ್ಳಿಯವರು 2004ರಲ್ಲೇ ‘ಹಸೀನಾ’ ಎಂದು ಸಿನಿಮಾ ಮಾಡಿದ್ದರು. ಅದರ ನಟನೆಗೆ ತಾರಾ ರಾಷ್ಟ್ರ ಪ್ರಶಸ್ತಿ ಪಡೆದರು. ಹೆಣ್ಣುಮಕ್ಕಳನ್ನಷ್ಟೇ ಹೆತ್ತಳೆಂದು ಗಂಡ ಕೈಬಿಟ್ಟ ಹೆಂಗಸು ಮಸೀದಿಯ ಮುಂದೆ ನ್ಯಾಯ ಕೇಳಿ ಕೂರುವ ಕಥೆ ಅದು. ಮೊದಲು ಸಿನಿಮಾ ಹುಡುಕಿ ನೋಡಿ, ಆಮೇಲೆ ಕನ್ನಡದಲ್ಲಿ ಕಥೆ ಓದಿ, ತಾರಾ ಮಾತಿಲ್ಲದೆ ಕೂತಿರುವ ದೃಶ್ಯಗಳಿಗೆ ಬಾನು ಯಾವ ಮಾತು ಕೊಟ್ಟಿದ್ದಾರೆಂದು ಪುಟ ತಿರುವಿ ನೋಡಬಹುದು. ಈ ವಾರ ಬಿಡುವಿದ್ದವರು ಅಲ್ಲಿಂದಲೇ ಶುರು ಮಾಡಲಿ.