ಹುಳಿಗೆ ಹೆದರುವ ಪಥ್ಯ

ಬನ್ನಿಮಂಟಪದಲ್ಲಿ, ಪಂಜಿನ ಕವಾಯತಿನ ಮೈದಾನದಿಂದ ಎರಡು ತಿರುವಿನಾಚೆ ನಮ್ಮ ಮನೆ. ಎದುರುಮನೆಯ ಅಕ್ಕ ಒಂದು ಬೆಳಗ್ಗೆ ಗಾಜಿನ ಲೋಟದ ನೀರಿಗೆ ಉಗುಳಿ, ಹಲ್ಲೂ ಉಜ್ಜದೆ ಅದನ್ನೇ ನೋಡುತ್ತಾ ಕೂತಿದ್ದರು. ಎಂಜಲು ದಾರ ದಾರವಾಗಿ ಇಳಿದರೆ ಹೊಟ್ಟೆಯಲ್ಲಿ ಯೀಸ್ಟ್ ಬೆಳೆದಿದೆ ಎಂದರ್ಥವಂತೆ. ಇಳಿಯಿತು. ಎಂಜಲಿನ ಲೋಳೆ ಯಾರದಾದರೂ ಹಾಗೇ ಇಳಿಯುತ್ತದೆ. ನಾನೂ ಉಗುಳಿ ನೋಡಿದೆ, ನನ್ನದು ಇನ್ನೂ ಉದ್ದ.

ಪರೀಕ್ಷೆ ಹೇಳಿಕೊಟ್ಟವರೇ ಪಥ್ಯದ ಹಾಳೆಯನ್ನೂ ಕೊಟ್ಟಿದ್ದರು. ಸಕ್ಕರೆ, ಬೇಕರಿ ತಿಂಡಿ ಬಿಡಿ ಅನ್ನುವಷ್ಟಕ್ಕೆ ನನ್ನ ತಕರಾರಿಲ್ಲ. ಆದರೆ ಬಾಳೆಹಣ್ಣು, ಮೊಸರು, ಇಡ್ಲಿ, ದೋಸೆ, ಹುಳಿ ಬಂದದ್ದೆಲ್ಲ ನಿಷಿದ್ಧ. "ಮೊಸರಿಲ್ದೆ ಊಟ ಮುಗಿಯೋದು ಹೆಂಗೆ ಹೇಳಿ?" ಅಂದರು ಅಕ್ಕ.

ಈ ಪಥ್ಯ ಜನಪ್ರಿಯವಾದದ್ದು ಅಮೆರಿಕದಲ್ಲಿ. ವಿಲಿಯಂ ಕ್ರೂಕ್ ಎಂಬ ವೈದ್ಯರ 1983ರ 'ದಿ ಯೀಸ್ಟ್ ಕನೆಕ್ಷನ್' ಸುಸ್ತು, ತಲೆನೋವು, ಬೇಸರ ಎಲ್ಲವನ್ನೂ ಕ್ಯಾಂಡಿಡಾ ಎಂಬ ಯೀಸ್ಟಿನ ತಲೆಗೆ ಕಟ್ಟಿತು. 1990ರಲ್ಲಿ 42 ಹೆಂಗಸರ ಮೇಲೆ ಯೀಸ್ಟ್ ಕೊಲ್ಲುವ ನಿಸ್ಟಾಟಿನ್ ಪ್ರಯೋಗಿಸಿ ನೋಡಿದರು. ಅಂಥ ದೂರುಗಳ ಮಟ್ಟಿಗೆ ಅದು ಔಷಧಿಯಿಲ್ಲದ ಸುಳ್ಳು ಮಾತ್ರೆಗಿಂತ ಮೇಲೇನಾಗಲಿಲ್ಲ. ಕ್ಯಾಂಡಿಡಾ ಆರೋಗ್ಯವಂತರ ಕರುಳಲ್ಲೂ ಒಕ್ಕಲಿರುತ್ತದೆ. ಆಂಟಿಬಯೋಟಿಕ್‌ನಿಂದ ಅಕ್ಕಪಕ್ಕದ ಬ್ಯಾಕ್ಟೀರಿಯಾ ಸತ್ತಾಗ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ ಅದು ತಲೆಯೆತ್ತುವುದುಂಟು. ಅದನ್ನು ಪತ್ತೆ ಮಾಡಲು ಡಾಕ್ಟರು ಬೇಕು, ಲೋಟ ಸಾಲದು.

ಹಾಳೆಯ ದೊಡ್ಡ ತಪ್ಪು, ಹುಳಿ ಬಂದದ್ದೆಲ್ಲ ಯೀಸ್ಟಿನ ಕೆಲಸ ಎಂದುಕೊಂಡದ್ದು. ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಅದು ಉದ್ದಿನಬೇಳೆಯ ಜೊತೆಗೇ ಬಂದಿರುತ್ತದೆ. ಹಾಲನ್ನು ಮೊಸರಾಗಿಸುವುದೂ ಹೆಪ್ಪಿನ ಬ್ಯಾಕ್ಟೀರಿಯಾವೇ. ಹಾಗಂತ ಇಡ್ಲಿ ತಿಂದರೆ ಕರುಳಿಗೆ ಜೀವಾಣು ಸೇರುತ್ತದೆ ಎಂಬ ನಮ್ಮವರ ಜಂಬವೂ ಪೊಳ್ಳು. ಹಬೆಗೆ ಅವೆಲ್ಲ ಸತ್ತಿರುತ್ತವೆ. ಜೀವಂತವಾಗಿ ಬೇಕೆಂದರೆ ಮೊಸರು, ಮಜ್ಜಿಗೆ, ರಾತ್ರಿ ನೀರಲ್ಲಿಟ್ಟ ತಂಗಳನ್ನ.

2021ರಲ್ಲಿ ಸ್ಟ್ಯಾನ್‌ಫರ್ಡ್‌ನವರು 36 ಜನರನ್ನು ಎರಡು ಗುಂಪು ಮಾಡಿ ಹತ್ತು ವಾರ ಉಣಿಸಿ ನೋಡಿದರು. ಮೊಸರಿನಂಥ ಹುದುಗಿಸಿದ ಆಹಾರ ತಿಂದವರ ಕರುಳಲ್ಲಿ ಬ್ಯಾಕ್ಟೀರಿಯಾದ ಬಗೆಗಳು ಹೆಚ್ಚಿದವು. ನಾರು ಹೆಚ್ಚು ತಿಂದ ಗುಂಪಿನಲ್ಲಿ ಅಷ್ಟು ದಿನಕ್ಕೆ ಹೆಚ್ಚಲಿಲ್ಲ. ಅಧ್ಯಯನ ಚಿಕ್ಕದು, ಒಪ್ಪಿದೆ. ಆದರೂ ಹಾಳೆ ಮೊದಲು ಕಿತ್ತುಕೊಂಡದ್ದು ಮೊಸರನ್ನೇ. ಬ್ಯಾಕ್ಟೀರಿಯಾಗಳಿಗೆ ಊಟವಾಗುವ ರಾಗಿ, ಸೊಪ್ಪು, ಕಾಳುಗಳ ಹೆಸರಂತೂ ಅದರಲ್ಲಿ ಹುಡುಕಿದರೂ ಸಿಗಲಿಲ್ಲ.

ಅಕ್ಕ ಆ ಸಂಜೆಯೇ ನಮ್ಮಲ್ಲಿಂದ ಒಂದು ಚಮಚ ಹೆಪ್ಪು ಇಸಿದುಕೊಂಡು ಹೋದರು. ಹಾಳೆ ಇನ್ನೂ ಫ್ರಿಜ್ಜಿನ ಮೇಲಿದೆ, ಹಿಂಬದಿಯಲ್ಲಿ ಹಾಲಿನ ಲೆಕ್ಕ.