ನಿಂತು ಮಾತಾಡಿದನೋ, ಮಾತು ನಿಲ್ಲಿಸಿದನೋ?

ಅನುವಾದದ ಅಭ್ಯಾಸಕ್ಕೆಂದು ಬಿ.ಎ. ತರಗತಿಗೆ ನಾನೇ ಬರೆದುಕೊಟ್ಟಿದ್ದ ಒಂದು ಪುಟದ ಇಂಗ್ಲಿಷ್ ಕಥೆಯಿಂದ ಈ ಪ್ರಸ್ತಾಪ ಹುಟ್ಟಿಕೊಂಡಿತು. ಆಸ್ತಿ ಪಾಲಾದಾಗ ಮುನಿಸಿಕೊಂಡ ಅಣ್ಣತಮ್ಮಂದಿರು. ಏಳು ವರ್ಷ ಒಬ್ಬರ ಮುಖ ಒಬ್ಬರು ನೋಡಿಲ್ಲ. ಒಂದು ಸಂಜೆ ಸಂತೆಯಿಂದ ಹಿಂದಿರುಗುವ ಅಣ್ಣ ತಮ್ಮನ ಮನೆಯ ಮುಂದೆ ಹಾದು ಹೋಗಬೇಕಾಗಿ ಬರುತ್ತದೆ. ತಮ್ಮ ಜಗಲಿಯ ಮೇಲೆ ಕುಳಿತಿದ್ದಾನೆ. ಅಣ್ಣ ‘ಸ್ಟಾಪ್ಡ್ ಟು ಟಾಕ್’ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ತರಗತಿಯಲ್ಲಿ ಹಲವರು ಇದನ್ನು ‘ಅಣ್ಣ ಮಾತಾಡುವುದನ್ನು ನಿಲ್ಲಿಸಿದ’ ಎಂದು ಕನ್ನಡಿಸಿದ್ದರು. ಏಳು ವರ್ಷದ ಮುನಿಸು ಕರಗಬೇಕಾದ ಗಳಿಗೆಯಲ್ಲಿ, ಇವರ ಕೈಗೆ ಸಿಕ್ಕ ಅಣ್ಣ ಹೊಸದಾಗಿ ಮುನಿಸಿಕೊಂಡುಬಿಟ್ಟ. ಕನ್ನಡದಲ್ಲಿ ಬರೆದರೆ ಒಂದೇ ಅಕ್ಷರವಾಗುವ ‘ಟು’ ಎಂಬುದನ್ನು ಕಡೆಗಣಿಸಿದ್ದರ ಫಲ ಇದು.

ಹುಡುಗರನ್ನು ಗದರಿಸಲು ಮನಸ್ಸಾಗಲಿಲ್ಲ. ಅವರಲ್ಲಿ ಒಬ್ಬಳು, ಒಳ್ಳೆಯ ಕನ್ನಡ ಬರೆಯುವವಳು, ತನ್ನ ಇಂಗ್ಲಿಷ್ ನೋಟುಪುಸ್ತಕವನ್ನು ತಂದು ತೋರಿಸಿದಳು. ಅದರಲ್ಲಿ ಎರಡು ಪಟ್ಟಿ. ಎಡಗಡೆ ವಾಂಟ್, ಹೋಪ್, ಡಿಸೈಡ್, ಪ್ರಾಮಿಸ್, ರೆಫ್ಯೂಸ್. ಇವುಗಳ ಮುಂದೆ ಟು-ರೂಪ, ಅಂದರೆ ಇನ್‌ಫಿನಿಟಿವ್. ಬಲಗಡೆ ಎಂಜಾಯ್, ಅವಾಯ್ಡ್, ಫಿನಿಶ್, ಡಿನೈ, ಸಜೆಸ್ಟ್. ಇವುಗಳ ಮುಂದೆ ಇಂಗ್-ರೂಪ, ಅಂದರೆ ಜೆರಂಡ್. ಕೆಳಗೆ ಗೆರೆ ಎಳೆದು ‘ಎರಡೂ ಬರುವವು’ ಎಂಬ ತಲೆಬರಹದಲ್ಲಿ ಸ್ಟಾಪ್, ರಿಮೆಂಬರ್, ಫರ್ಗೆಟ್, ಟ್ರೈ, ರಿಗ್ರೆಟ್. ‘ಎರಡೂ ಬರುತ್ತವೆ ಎಂದ ಮೇಲೆ ಯಾವುದು ಬಂದರೇನು ಸಾರ್?’ ಎಂದಳು. ಆ ಪಟ್ಟಿಯನ್ನು ನೋಡಿದ ಯಾವ ಬುದ್ಧಿವಂತ ಹುಡುಗಿಯಾದರೂ ಕೇಳಬೇಕಾದ ಪ್ರಶ್ನೆಯೇ ಅದು.

ಈ ತಪ್ಪು ತಿಳಿವಳಿಕೆಯ ಬೇರನ್ನು ಹುಡುಕಿಕೊಂಡು ಹೋದರೆ, ನಮ್ಮಲ್ಲಿ ಮೂರು ತಲೆಮಾರು ಪೂಜಿಸಿದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣದ ಬಳಿಗೇ ಬರಬೇಕಾಗುತ್ತದೆ. 1930ರ ದಶಕದಿಂದ ಈ ಪುಸ್ತಕ ಭಾರತದ ಶಾಲೆಗಳನ್ನು ಆಳಿದೆ. ಅದರ ಉಪಕಾರವನ್ನು ನಾನು ಮರೆತವನಲ್ಲ. ಕಾಲವಾಚಕಗಳನ್ನು ನಾನು ಕಲಿತದ್ದು ಅದರಿಂದಲೇ. ಆದರೆ ಜೆರಂಡಿನ ಪ್ರಕರಣದಲ್ಲಿ ಅದು ಒಂದು ಮಾತು ಹೇಳುತ್ತದೆ: ಜೆರಂಡಿಗೂ ಇನ್‌ಫಿನಿಟಿವಿಗೂ ನಾಮಪದದ ಗುಣವೂ ಕ್ರಿಯಾಪದದ ಗುಣವೂ ಇರುವುದರಿಂದ, ಎಷ್ಟೋ ವಾಕ್ಯಗಳಲ್ಲಿ ಯಾವುದನ್ನು ಬಳಸಿದರೂ ಅರ್ಥದಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲ ಎಂದು. ಗಾದೆಯಂತಹ ವಾಕ್ಯಗಳನ್ನು ಆರಿಸಿಕೊಂಡರೆ ಮಾತು ನಿಜವೇ. ಆದರೆ ಪರೀಕ್ಷೆಗೆ ಓದುವ ಹುಡುಗ ‘ಎಷ್ಟೋ ವಾಕ್ಯಗಳಲ್ಲಿ’ ಎಂಬುದನ್ನು ಬಿಟ್ಟು ‘ಭೇದವಿಲ್ಲ’ ಎಂಬುದನ್ನಷ್ಟೇ ನೆನಪಿನಲ್ಲಿ ಉಳಿಸಿಕೊಳ್ಳುತ್ತಾನೆ. ಮುಂದಿನ ಆವೃತ್ತಿಗಳಲ್ಲಿ ಕ್ರಿಯಾಪದಗಳ ವಾಕ್ಯಮಾದರಿಗಳನ್ನು ಬೇರೆ ಪ್ರಕರಣವಾಗಿ ಸೇರಿಸಿದ್ದಾರೆ. ಎರಡು ಪ್ರಕರಣಗಳೂ ಒಂದೇ ರಟ್ಟಿನೊಳಗೆ ಪರಸ್ಪರ ಪರಿಚಯವಿಲ್ಲದ ಬಾಡಿಗೆದಾರರ ಹಾಗೆ ವಾಸವಾಗಿವೆ.

ವಾಕ್ಯಮಾದರಿಗಳ ಈ ಪದ್ಧತಿಗೆ ದೊಡ್ಡ ಹೆಸರು ತಂದವರು ಎ. ಎಸ್. ಹಾರ್ನ್‌ಬಿ. ಜಪಾನಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಇವರು ಅಲ್ಲಿಯ ವಿದ್ಯಾರ್ಥಿಗಳಿಗೆಂದು 1942ರಲ್ಲಿ ಟೋಕಿಯೊದಲ್ಲಿ ಒಂದು ನಿಘಂಟನ್ನು ಹೊರತಂದರು. 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಅದನ್ನೇ ಪ್ರಕಟಿಸಿತು; ಇಂದಿಗೂ ನಮ್ಮ ಮನೆಗಳ ಕಪಾಟಿನಲ್ಲಿರುವ ಆಕ್ಸ್‌ಫರ್ಡ್ ವಿದ್ಯಾರ್ಥಿ ನಿಘಂಟು ಆ ಬಳ್ಳಿಯ ಕಾಯಿ. ಹಾರ್ನ್‌ಬಿ ಕ್ರಿಯಾಪದಗಳನ್ನು 25 ಮಾದರಿಗಳಾಗಿ ವಿಂಗಡಿಸಿ, ಒಂದೊಂದು ಕ್ರಿಯಾಪದಕ್ಕೂ ಮಾದರಿಯ ಸಂಖ್ಯೆ ಕೊಟ್ಟರು. ನಿಘಂಟುಕಾರನಿಂದ ಇದಕ್ಕಿಂತ ಹೆಚ್ಚು ಬಯಸುವುದು ಅನ್ಯಾಯ. ಆದರೆ ನಿಘಂಟಿನಲ್ಲಿ ಸಂಶಯ ಬಂದಾಗ ನೋಡಬೇಕಾದದ್ದನ್ನು ತರಗತಿಯಲ್ಲಿ ಬಾಯಿಪಾಠಕ್ಕೆ ಹಚ್ಚಿದವರು ನಾವು. ಅದರ ಜೊತೆಗೆ ‘ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಮಾತಾಡಬಾರದು’ ಎಂಬ ಕಟ್ಟಳೆಯನ್ನೂ ಹಾಕಿದೆವು. ಅಲ್ಲಿಗೆ, ಈ ಭೇದವನ್ನು ತಿಳಿಯಲು ಹುಡುಗರ ಬಳಿ ಇದ್ದ ಒಂದೇ ದೀಪವನ್ನೂ ಆರಿಸಿದಂತಾಯಿತು.

ಇದು ಕನ್ನಡ ಮೇಷ್ಟರ ಅಭಿಮಾನದ ಮಾತು ಎಂದು ಕೆಲವರು ನಗಬಹುದು. ‘ನೋಡು’ ಎಂಬ ನಮ್ಮ ಕ್ರಿಯಾಪದವನ್ನೇ ತೆಗೆದುಕೊಳ್ಳಿ. ‘ಮಾತ್ರೆ ನುಂಗಲು ನೋಡಿದೆ’ ಎಂದರೆ ಮಾತ್ರೆ ಗಂಟಲಿನಲ್ಲಿ ಇಳಿಯಲಿಲ್ಲ. ‘ಮಾತ್ರೆ ನುಂಗಿ ನೋಡಿದೆ’ ಎಂದರೆ ಮಾತ್ರೆ ಇಳಿಯಿತು, ತಲೆನೋವು ಇಳಿಯಲಿಲ್ಲ. ಮೊದಲನೆಯದು ಇಂಗ್ಲಿಷಿನ ‘ಟ್ರೈಡ್ ಟು ಸ್ವಾಲೋ’. ಎರಡನೆಯದು ‘ಟ್ರೈಡ್ ಸ್ವಾಲೋಯಿಂಗ್’. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಶಾಲೆಯ ಮುಖವನ್ನೇ ಕಾಣದ ಅಜ್ಜಿ ಕೂಡ ‘ಕಷಾಯ ಕುಡಿದು ನೋಡು’ ಎನ್ನುವ ಕಡೆ ‘ಕುಡಿಯಲು ನೋಡು’ ಎನ್ನುವುದಿಲ್ಲ. ಇಷ್ಟು ಸೂಕ್ಷ್ಮವನ್ನು ತಾಯಿಯ ತೊಡೆಯ ಮೇಲೆ ಕಲಿತು ಬಂದ ಹುಡುಗಿಗೆ ‘ಟ್ರೈ: ಎರಡೂ ಬರುತ್ತವೆ’ ಎಂದು ಬರೆಸಿ ಕಳಿಸುತ್ತೇವೆ.

ಕಥೆಯ ‘ಸ್ಟಾಪ್’ ಕೂಡ ಹಾಗೆಯೇ. ಇಂಗ್ಲಿಷಿನವರಿಗೆ ಒಂದೇ ಪದ. ನಮಗೆ ನಿಲ್ಲು, ನಿಲ್ಲಿಸು ಎಂದು ಎರಡು. ಇಂಗ್-ರೂಪ ಬಂದಲ್ಲಿ ಮಾತೇ ಕರ್ಮ, ಅದನ್ನು ನಿಲ್ಲಿಸಿದ. ಟು-ರೂಪ ಬಂದಲ್ಲಿ ಕಾಲು ನಿಂತಿತು. ಮಾತು ಅದರ ಉದ್ದೇಶ. ನಿಜ ಹೇಳಬೇಕೆಂದರೆ ‘ಸ್ಟಾಪ್’ ಆ ಮೂರನೆಯ ಪಟ್ಟಿಯಲ್ಲಿ ಇರಬಾರದಾಗಿತ್ತು. ಅಲ್ಲಿರುವ ‘ಟು’ ಉದ್ದೇಶವನ್ನು ಹೇಳುವ ಸಾಮಾನ್ಯ ‘ಟು’, ಯಾವ ಕ್ರಿಯಾಪದದ ಹಿಂದೆಯಾದರೂ ಬರಬಲ್ಲದು.

ಆದರೆ ಕನ್ನಡ ಎಲ್ಲ ಕಡೆಯೂ ಕೈಹಿಡಿದು ನಡೆಸುತ್ತದೆ ಎಂದರೆ ಸುಳ್ಳಾದೀತು. ‘ಮರೆ’ಯನ್ನು ನೋಡಿ. ‘ಬೀಗ ಹಾಕುವುದನ್ನು ಮರೆತೆ’: ಬೀಗ ಹಾಕಿಲ್ಲ, ಕಳ್ಳನಿಗೆ ಅನುಕೂಲ. ‘ಬೀಗ ಹಾಕಿದ್ದನ್ನು ಮರೆತೆ’: ಬೀಗ ಹಾಕಿದೆ, ಅರ್ಧ ದಾರಿಯಿಂದ ಹಿಂದಿರುಗಿ ಬಂದು ನೋಡಿದ್ದೇ ದಂಡ. ಕನ್ನಡ ಈ ಭೇದವನ್ನು ಕೃದಂತದ ಕಾಲದಲ್ಲಿ ಇಟ್ಟಿದೆ: ಹಾಕುವ, ಹಾಕಿದ. ಇಂಗ್ಲಿಷ್ ಮೊದಲನೆಯದಕ್ಕೆ ಟು-ರೂಪವನ್ನೂ ಎರಡನೆಯದಕ್ಕೆ ಇಂಗ್-ರೂಪವನ್ನೂ ಕೊಟ್ಟಿದೆ. ‘ಹಾಕುವುದನ್ನು’ ಎಂಬುದು ನಾಮಪದದಂತೆ ಕಾಣುವುದರಿಂದ ನಮ್ಮ ಹುಡುಗ ಅದಕ್ಕೆ ಇಂಗ್-ರೂಪವೇ ಸರಿಯೆಂದು ‘ಫರ್ಗಾಟ್ ಲಾಕಿಂಗ್’ ಎಂದು ಬರೆದು ತಪ್ಪುತ್ತಾನೆ. ತಪ್ಪಿಗೆ ಕಾರಣ ದಡ್ಡತನವಲ್ಲ. ಅವನ ನುಡಿಯ ತರ್ಕ. ಆ ತರ್ಕವನ್ನು ಬಲ್ಲ ಅಧ್ಯಾಪಕ ಒಂದೇ ನಿಮಿಷದಲ್ಲಿ ತಿದ್ದಬಲ್ಲ: ‘ಹಾಕುವುದು’ ಎಂದಲ್ಲಿ ಟು, ‘ಹಾಕಿದ್ದು’ ಎಂದಲ್ಲಿ ಇಂಗ್. ರಿಮೆಂಬರಿಗೂ ಇದೇ ಅಳತೆ ಸಾಕು.

ಈ ಟು-ರೂಪದ ಹಿಂದೆ ಒಂದು ಸ್ವಾರಸ್ಯವಾದ ಚರಿತ್ರೆಯಿದೆ. ಪ್ರಾಚೀನ ಇಂಗ್ಲಿಷಿನಲ್ಲಿ ‘ಟು’ ಎಂಬುದು ‘ಕಡೆಗೆ’ ಎಂಬರ್ಥದ ಅವ್ಯಯವಾಗಿ, ಚತುರ್ಥಿಯ ರೂಪದಲ್ಲಿದ್ದ ಕ್ರಿಯಾನಾಮಕ್ಕೆ ಹತ್ತಿಕೊಂಡು ಉದ್ದೇಶವನ್ನು ಸೂಚಿಸುತ್ತಿತ್ತು. ನಮ್ಮ ‘ಮಾಡಲಿಕ್ಕೆ’ಯಲ್ಲಿ, ಹಳಗನ್ನಡದ ‘ಮಾಡಲ್ಕೆ’ಯಲ್ಲಿ ಕುಳಿತಿರುವುದೂ ಚತುರ್ಥಿಯೇ ಅಲ್ಲವೆ? ಸಂಬಂಧವೇ ಇಲ್ಲದ ಎರಡು ಕುಲಗಳ ಭಾಷೆಗಳು ಮುಂದಾಗಬೇಕಾದ ಕೆಲಸದ ಕಡೆಗೆ ಕೈತೋರಿಸಲು ಒಂದೇ ವಿಭಕ್ತಿಯನ್ನು ಹಿಡಿದಿವೆ. ಇಂಗ್-ರೂಪವಾದರೋ ಮೂಲದಲ್ಲಿ ನಮ್ಮ ಓಟ, ನೋಟ, ಓದುವಿಕೆಗಳ ಜಾತಿಯ ಭಾವನಾಮ. ಅಮೆರಿಕದ ಭಾಷಾಶಾಸ್ತ್ರಜ್ಞ ಡ್ವೈಟ್ ಬೋಲಿಂಜರ್ 1968ರಲ್ಲಿ ಇಟ್ಟ ವಿವರಣೆಯೂ ಇದಕ್ಕೆ ಸಮೀಪದ್ದು: ಇಂಗ್-ರೂಪ ಕ್ರಿಯೆಯನ್ನು ಕೈಯಲ್ಲಿ ಹಿಡಿಯಬಹುದಾದ ವಸ್ತುವಿನಂತೆ ಕಾಣಿಸುತ್ತದೆ, ಟು-ರೂಪ ಅದನ್ನು ಸಂಭವವಾಗಿ, ಊಹೆಯಾಗಿ ಮುಂದಿಡುತ್ತದೆ. ‘ಪರೀಕ್ಷೆಯ ಪತ್ರಿಕೆಗಳನ್ನು ಬೇಗ ತಿದ್ದಲು ಇಷ್ಟಪಡುತ್ತೇನೆ’ ಎಂದು ಟು-ರೂಪದಲ್ಲಿ ಹೇಳುವ ಅಧ್ಯಾಪಕರು ಬೇಕಾದಷ್ಟು ಮಂದಿ ಇದ್ದಾರೆ, ಅದು ವಿವೇಕದ ಮಾತು. ಇಂಗ್-ರೂಪದಲ್ಲಿ ಹೇಳಿ, ತಿದ್ದುವುದೇ ಸಂತೋಷ ಎನ್ನುವವರನ್ನು ನಾನಿನ್ನೂ ಕಂಡಿಲ್ಲ.

ಬೋಲಿಂಜರ್ ಹೇಳಿದ್ದು ಎಲ್ಲಕ್ಕೂ ಹೊಂದುತ್ತದೆಯೆ? ಇಲ್ಲ. ‘ಸಜೆಸ್ಟ್’ ಮಾಡುವುದು, ‘ಪೋಸ್ಟ್‌ಪೋನ್’ ಮಾಡುವುದು ಇನ್ನೂ ಆಗದ ಕೆಲಸವನ್ನೇ. ಆದರೂ ಅವಕ್ಕೆ ಇಂಗ್. ‘ಮ್ಯಾನೇಜ್ಡ್ ಟು’ ಎಂದರೆ ಕೆಲಸ ಆಗಿಯೇ ಹೋಗಿದೆ. ಆದರೂ ಅದಕ್ಕೆ ಟು. ಫ್ರೆಂಚಿನಿಂದ ಬಂದ ಪದಗಳೆಲ್ಲ ಇಂಗ್ ಹಿಡಿದವು ಎಂದು ಸಮಾಧಾನ ಹೇಳೋಣವೆಂದರೆ, ಅವಾಯ್ಡ್, ಎಂಜಾಯ್‌ಗಳ ಜೊತೆಯಲ್ಲೇ ಹಡಗಿಳಿದ ಪ್ರಾಮಿಸ್, ರೆಫ್ಯೂಸ್‌ಗಳು ಟು ಹಿಡಿದು ಕುಳಿತಿವೆ. ಇಲ್ಲಿ ಪಟ್ಟಿಗೆ ಶರಣಾಗದೆ ಗತಿಯಿಲ್ಲ. ಅದರಲ್ಲಿ ನಾಚಿಕೆಯೂ ಇಲ್ಲ. ಸಾಕ್ಷಾತ್ ಪಾಣಿನಿಯೇ ಸಂಸ್ಕೃತದ ತುಮುನ್ ಪ್ರತ್ಯಯದ ವಿಷಯದಲ್ಲಿ ಮೊದಲು ಅರ್ಥದ ಸೂತ್ರಗಳನ್ನು ಹೇಳುತ್ತಾನೆ: ಒಂದು ಕ್ರಿಯೆಗಾಗಿ ಇನ್ನೊಂದು ಕ್ರಿಯೆ ನಡೆಯುವಾಗ ಬರುತ್ತದೆ, ಬಯಸುವವನೂ ಮಾಡುವವನೂ ಒಬ್ಬನೇ ಆದಾಗ ಇಚ್ಛಾರ್ಥದ ಧಾತುಗಳೊಡನೆ ಬರುತ್ತದೆ. ಆಮೇಲೆ ಮೂರನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಶಕ್, ಧೃಷ್, ಜ್ಞಾ, ಸಹ್, ಅರ್ಹ್ ಮುಂತಾದ ಹತ್ತು ಧಾತುಗಳನ್ನೂ ‘ಇರು’ ಎಂಬರ್ಥದವುಗಳನ್ನೂ ಹೆಸರಿಟ್ಟು ಎಣಿಸುತ್ತಾನೆ. ಅರ್ಥ ಮುಟ್ಟುವಷ್ಟು ದೂರ ಅರ್ಥ, ಅದರಾಚೆಗೆ ಪಟ್ಟಿ. ಈ ಕ್ರಮವನ್ನು ತಲೆಕೆಳಗು ಮಾಡಿದ್ದೇ ನಮ್ಮ ತರಗತಿಗಳ ದೋಷ.

‘ಲುಕಿಂಗ್ ಫಾರ್ವರ್ಡ್ ಟು ಮೀಟ್’ ಎಂದು ಪತ್ರದ ಕೊನೆಯಲ್ಲಿ ಬರೆಯುವವರಿಗೆ ಒಂದೇ ಮಾತು: ಅಲ್ಲಿಯ ‘ಟು’ ಇನ್ನೂ ಹಳೆಯ ‘ಕಡೆಗೆ’ಯೇ, ಅದರ ಮುಂದೆ ನಾಮಪದ ಬೇಕು, ಆದ್ದರಿಂದ ‘ಮೀಟಿಂಗ್’.

ಇನ್ನೊಂದು ದೂರು ನಮ್ಮ ಅನುವಾದಕರ ಮೇಲೆ. ಇಂಗ್ಲಿಷಿನಲ್ಲಿ ‘ಟು’ ಕಂಡಲ್ಲೆಲ್ಲ ಕನ್ನಡದಲ್ಲಿ ‘ಅಲು’ ಹಚ್ಚುವುದು ಒಂದು ಚಟವಾಗಿದೆ. ‘ನಾನು ಹೋಗಲು ಬಯಸುತ್ತೇನೆ’ ಎನ್ನುವ ಪಾತ್ರಗಳು ನಮ್ಮ ಅನುವಾದಿತ ಕಾದಂಬರಿಗಳ ತುಂಬ ಓಡಾಡುತ್ತಿವೆ. ಮಂಡ್ಯದಲ್ಲಾಗಲಿ ಧಾರವಾಡದಲ್ಲಾಗಲಿ ಹೀಗೆ ಮಾತಾಡುವ ಮನುಷ್ಯರು ಯಾರು? ‘ಹೋಗಬೇಕು ಅಂತಿದ್ದೇನೆ’ ಎಂದರೆ ಆಯಿತಲ್ಲ! ‘ತಿಳಿಸಲು ವಿಷಾದಿಸುತ್ತೇವೆ’ ಎಂಬ ಕಚೇರಿಯ ಕಾಗದ ಬಂದಾಗ, ಅವರ ವಿಷಾದ ತಿಳಿಸಿದ್ದಕ್ಕೋ ತಿಳಿಸಬೇಕಾಗಿ ಬಂದದ್ದಕ್ಕೋ ಎಂದು ನಾನು ಪ್ರತಿಸಲವೂ ತೊಡಕಿಗೆ ಬೀಳುತ್ತೇನೆ. ಇಂಗ್ಲಿಷಿನ ರಿಗ್ರೆಟ್ ಈ ಎರಡನ್ನೂ ಬೇರೆಬೇರೆ ರೂಪಗಳಿಂದ ಹೇಳುತ್ತದೆ. ‘ತಿಳಿಸಬೇಕಾಗಿ ಬಂದುದಕ್ಕೆ ವಿಷಾದ’ ಎಂದು ಕನ್ನಡವೂ ಹೇಳಬಲ್ಲದು. ಎರಡು ಭಾಷೆಗಳಲ್ಲೂ ಇರುವ ಭೇದ ಅನುವಾದದಲ್ಲಿ ಮಾತ್ರ ಮಾಯವಾಗುವುದೇಕೆ?

ಹೀಗೆಲ್ಲ ದೂರುವ ನಾನು ಅದೇ ವಾರ ಪೆಟ್ಟು ತಿಂದದ್ದನ್ನೂ ಹೇಳಬೇಕು. ಆ ಹುಡುಗಿಯ ಅನುವಾದವನ್ನು ಕೆಂಪು ಶಾಯಿಯಲ್ಲಿ ತಿದ್ದಿ ‘ಅಣ್ಣ ನಿಂತು ಮಾತಾಡಿದ’ ಎಂದು ಬರೆದು ಕೊಟ್ಟಿದ್ದೆ. ಮೂರನೆಯ ದಿನ ಅವಳು ಪುಸ್ತಕ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ‘ಸಾರ್, ನೀವು ಬರೆದ ಇಂಗ್ಲಿಷಿನಲ್ಲಿ ಅಣ್ಣ ಮಾತಾಡಿದ ಅಂತ ಇಲ್ಲವಲ್ಲ? ಮಾತಾಡಲಿಕ್ಕೆ ಅಂತ ನಿಂತ, ಅಷ್ಟೇ ತಾನೆ? ಬಾಯಿಂದ ಮಾತು ಬಂತೋ ಇಲ್ಲವೋ ಗೊತ್ತಿಲ್ಲ.’

ಕಥೆ ಬರೆದವನು ನಾನು; ಅದು ನನಗೆ ಹೊಳೆದಿರಲಿಲ್ಲ. ಕೆಂಪು ಶಾಯಿಯ ಸಾಲನ್ನು ಹೊಡೆದುಹಾಕಿ, ಅವಳು ಹೇಳಿದಂತೆ ‘ಅಣ್ಣ ಮಾತಾಡಲೆಂದು ನಿಂತ’ ಎಂದು ತಿದ್ದಿ, ಪುಸ್ತಕವನ್ನು ಹಿಂದಕ್ಕೆ ಕೊಟ್ಟೆ.