ಕೋಡಂಗಿಯಿಂದ ಕಿರೀಟದವರೆಗೆ: ಮಕ್ಕಳ ಯಕ್ಷಗಾನ ನೋಡುವ ಬಗೆ

ಶಾಲಾ ವಾರ್ಷಿಕೋತ್ಸವದ ಕೊನೆಗೆ ಮಕ್ಕಳ ಯಕ್ಷಗಾನವಿದ್ದರೆ ರಿಪ್ಪನ್‌ಪೇಟೆ, ಹುಂಚ, ಕೋಣಂದೂರು ಕಡೆಯ ಜನ ಎದ್ದು ಹೋಗುವುದಿಲ್ಲ. ಮಫ್ಲರು ಬಿಗಿದುಕೊಂಡು ಕೂತೇ ಇರುತ್ತಾರೆ. ಚಪ್ಪಾಳೆ ಬೀಳುವುದು ಮಾತ್ರ ಹೆಚ್ಚಾಗಿ ಎರಡೇ ಕಡೆ: ತಲೆಗಿಂತ ದೊಡ್ಡ ಕಿರೀಟ ಹೊತ್ತ ಪುಟ್ಟ ಹುಡುಗ ಕಾಣಿಸಿಕೊಂಡಾಗ, ಇಲ್ಲವೇ ಯಾರಾದರೂ ಮಂಡಿ ಹಾಕಿ ಗಿರಗಿರನೆ ತಿರುಗಿದಾಗ. ನಡುವೆ ಒಬ್ಬಳು ಹುಡುಗಿ ಝಂಪೆತಾಳದ ಪದ್ಯವೊಂದನ್ನು ಒಂದು ಅಕ್ಷರವೂ ಜಾರದಂತೆ ಕುಣಿದು ಮುಗಿಸಿರುತ್ತಾಳೆ. ಅದನ್ನು ಗಮನಿಸಿದವರು ಭಾಗವತರು, ಮದ್ದಳೆಗಾರರು, ಪರದೆಯ ಸಂದಿಯಲ್ಲಿ ನಿಂತ ಗುರುಗಳು ಮಾತ್ರ.

ಆ ಹುಡುಗಿಯ ಕೆಲಸ ಪ್ರೇಕ್ಷಕರಿಗೂ ಕಾಣಬೇಕಾದರೆ ಒಂದು ವಿಷಯ ಗೊತ್ತಿರಬೇಕು. ಯಕ್ಷಗಾನದ ಕಲಿಕೆಗೆ ಮೆಟ್ಟಿಲುಗಳಿವೆ. ಮಗು ಯಾವ ಮೆಟ್ಟಿಲಲ್ಲಿದೆ ಎಂದು ತಿಳಿದರೆ ಅದರ ಕುಣಿತದಲ್ಲಿ ಏನನ್ನು ನೋಡಬೇಕು, ಏನನ್ನು ಕೇಳಬಾರದು ಎಂಬುದೂ ತಿಳಿಯುತ್ತದೆ.

ರಿಪ್ಪನ್‌ಪೇಟೆಯವರಿಗೆ ಈ ಕಲಿಕೆ ಕಷ್ಟದ್ದಲ್ಲ. ಊರು ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಡುವೆ ಇದೆ. ಮೂರೂ ಕಡೆಯಿಂದ ಘಟ್ಟ ಇಳಿಯುವ ದಾರಿಗಳಿವೆ, ಆ ದಾರಿಗಳಲ್ಲೇ ಆಟ ಮೇಲೆ ಹತ್ತಿ ಬಂದಿದೆ. ಹುಲಿಕಲ್ಲು ಮತ್ತು ಆಗುಂಬೆ ಘಾಟಿಯ ಕೆಳಗೆ ಕುಂದಾಪುರ–ಉಡುಪಿಯ ಉತ್ತರದ ಶೈಲಿ, ಬಡಗುತಿಟ್ಟು. ಸಾಗರದಿಂದ ಜೋಗ ದಾಟಿ ಇಳಿದರೆ ಹೊನ್ನಾವರದ ಬಡಾಬಡಗು. ಮಂದಾರ್ತಿ ಮೇಳದ ಹರಕೆ ಆಟಗಳು ಇಲ್ಲಿನ ಮನೆಯಂಗಳಕ್ಕೂ ಕೊಯ್ಲಾದ ಗದ್ದೆಗೂ ಬರುತ್ತವೆ. ತಮಾಷೆಯೆಂದರೆ, ತಾಲ್ಲೂಕಿನ ಹೆಸರನ್ನೇ ಹೊತ್ತು ತಿರುಗಿದ ಹೊಸನಗರ ಮೇಳ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನದು. ಹೀಗಾಗಿ ಇಲ್ಲಿನ ಹಿರಿಯ ಪ್ರೇಕ್ಷಕರಲ್ಲಿ ಕೆಲವರು ಒಂದು ಹೆಜ್ಜೆ ನೋಡಿದರೆ ಸಾಕು, ಗುರು ಯಾವ ಕಡೆಯವರು ಎಂದು ಹೇಳಿಬಿಡುತ್ತಾರೆ.

ಮೆಟ್ಟಿಲಿನ ಲೆಕ್ಕ ಹೊಸದೇನಲ್ಲ. ತರಗತಿಗಳು ಹುಟ್ಟುವ ಮೊದಲು ಮೇಳವೇ ಶಾಲೆಯಾಗಿತ್ತು. ಮೇಳ ಸೇರಿದ ಹುಡುಗನಿಗೆ ಮೊದಲ ವರ್ಷವೇ ಅರ್ಜುನನ ವೇಷ ಸಿಗುತ್ತಿರಲಿಲ್ಲ. ಆಟದ ಆರಂಭದ ಸಭಾಲಕ್ಷಣದಲ್ಲಿ, ಜನ ಇನ್ನೂ ಚಾಪೆ ಹಾಸಿಕೊಳ್ಳುತ್ತಿರುವ ಹೊತ್ತಿನಲ್ಲಿ, ಅವನು ಕೋಡಂಗಿಯಾಗಿ ಕುಣಿಯಬೇಕು. ಹೆಚ್ಚು ಬಣ್ಣವಿಲ್ಲ, ಭಾರದ ಉಡುಗೆಯಿಲ್ಲ, ತಪ್ಪಿದರೂ ಕಥೆ ಕೆಡುವುದಿಲ್ಲ. ಅಲ್ಲಿ ಕಾಲು ಪಳಗಿದ ಮೇಲೆ ಬಾಲಗೋಪಾಲ, ಆಮೇಲೆ ಪೀಠಿಕೆ ಸ್ತ್ರೀವೇಷ. ಅಷ್ಟನ್ನೂ ದಾಟಿದ ಮೇಲೆ ಪ್ರಸಂಗದೊಳಗಿನ ಸಣ್ಣಪುಟ್ಟ ಪಾತ್ರಗಳು, ಕೇದಗೆ ಮುಂದಲೆಯ ತರುಣ ವೀರರು, ಕಡೆಗೆ ಎರಡನೇ ವೇಷ, ಎದುರು ವೇಷ. ಆಟದ ಈ ಪೂರ್ವರಂಗ ದೇವತಾಸ್ತುತಿಯೂ ಹೌದು, ಹೊಸ ಹುಡುಗರ ಪರೀಕ್ಷೆಯೂ ಹೌದು. ಕಾಲಮಿತಿಯ ಆಟಗಳಲ್ಲಿ ಈಗ ಮೊದಲು ಕತ್ತರಿ ಬೀಳುವುದು ಈ ಭಾಗಕ್ಕೇ. ಹುಡುಗರು ತಪ್ಪುತ್ತ ಕಲಿಯುವ ಜಾಗ ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಮೇಳದ ಕೆಲಸವನ್ನು ಶಾಲೆಗೆ ತಂದ ಕಥೆಯಲ್ಲಿ ಕೆಲವು ಹೆಸರುಗಳನ್ನು ಮರೆಯುವಂತಿಲ್ಲ. ಶಿವರಾಮ ಕಾರಂತರು 1957ರಲ್ಲಿ ‘ಯಕ್ಷಗಾನ ಬಯಲಾಟ’ ಬರೆದರು. ಎರಡು ವರ್ಷದ ನಂತರ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1971ರಲ್ಲಿ ಉಡುಪಿಯ ಎಂಜಿಎಂ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಶುರುವಾಯಿತು. ಅಲ್ಲಿ ಗುರು ವೀರಭದ್ರ ನಾಯಕರು ಹೆಜ್ಜೆ ಕಲಿಸಿದರು, ಹಿರಿಯಡ್ಕ ಗೋಪಾಲರಾಯರು ಮದ್ದಳೆ ಕಲಿಸಿದರು. ಅಲ್ಲೇ ಕಲಿತ ಬನ್ನಂಜೆ ಸಂಜೀವ ಸುವರ್ಣರು ಮುಂದೆ ಅದರ ಪ್ರಾಚಾರ್ಯರಾದರು. 1975ರಲ್ಲಿ ಶ್ರೀಧರ ಹಂದೆ ಮತ್ತು ಕಾರ್ಕಡ ಶ್ರೀನಿವಾಸ ಉಡುಪರು ಸಾಲಿಗ್ರಾಮ ಮಕ್ಕಳ ಮೇಳ ಕಟ್ಟಿದರು. ಮಕ್ಕಳಿಗೇ ಒಂದು ಮೇಳ ಎಂಬ ಮಾತು ಆಗ ಹೊಸದು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ ಬೆನ್ನಿಗೆ, ಅವರ ಮಗ ಶಂಭು ಹೆಗಡೆಯವರು ಗುಣವಂತೆಯಲ್ಲಿ ಶ್ರೀಮಯ ಕಲಾಕೇಂದ್ರ ನಡೆಸಿದರು. ಇನ್ನು ಹೊಸ್ತೋಟ ಮಂಜುನಾಥ ಭಾಗವತರು. ಒಂದೇ ಕಡೆ ನೆಲೆ ನಿಲ್ಲದೆ ಊರೂರು ತಿರುಗಿ, ಮಕ್ಕಳಿಗೆ, ಹೆಂಗಸರಿಗೆ, ಕಣ್ಣು ಕಾಣದವರಿಗೂ ಆಟ ಕಲಿಸಿ 2020ರಲ್ಲಿ ತೀರಿಕೊಂಡರು. ಘಟ್ಟದ ಮೇಲಿನ ಎಷ್ಟೋ ಹವ್ಯಾಸಿ ತಂಡಗಳ ಬೇರು ಇಂಥ ತಿರುಗಾಟದ ಗುರುಗಳಲ್ಲಿದೆ.

ಕಾರಂತರು ಮಾತನ್ನು ಕೈಬಿಟ್ಟು, ಹಾಡು ಮತ್ತು ಕುಣಿತವನ್ನಷ್ಟೇ ಇಟ್ಟುಕೊಂಡು, ವಯಲಿನ್ ಮತ್ತು ಸ್ಯಾಕ್ಸೊಫೋನ್ ಸೇರಿಸಿ ಮಾಡಿದ ಪ್ರಯೋಗಗಳನ್ನು ಜನ ಯಕ್ಷಗಾನ ಬ್ಯಾಲೆ ಎಂದೇ ಕರೆದರು. ಅದು ಸರಿಯೋ ತಪ್ಪೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಆದರೆ ಯುರೋಪಿನ ಬ್ಯಾಲೆಯಿಂದ ಇಲ್ಲಿನ ಪೋಷಕರು ಕಲಿಯಬಹುದಾದದ್ದು ಬೇರೆಯೇ ಇದೆ. ಬೆರಳ ತುದಿಯ ಮೇಲೆ ನಿಲ್ಲುವ ಗಟ್ಟಿ ಷೂವನ್ನು ಅಲ್ಲಿ ಸಾಮಾನ್ಯವಾಗಿ 11–12 ವರ್ಷಕ್ಕೆ ಮೊದಲು ಮಕ್ಕಳಿಗೆ ಕೊಡುವುದಿಲ್ಲ. ಅದಕ್ಕೂ ಹಿಂದೆ ಕೆಲವು ವರ್ಷ ಮೆತ್ತನೆಯ ಪಾದರಕ್ಷೆಯಲ್ಲೇ ಅಭ್ಯಾಸ ನಡೆದಿರಬೇಕು. ಪಾದದ ಎಲುಬು, ಹಿಮ್ಮಡಿ, ಬೆನ್ನು ಸಿದ್ಧವಾಗಿದೆಯೇ ಎಂದು ಗುರು ನೋಡುತ್ತಾರೆ, ತಾಯಿಯ ಆಸೆಯನ್ನಲ್ಲ. ನಮ್ಮಲ್ಲಿ ಆ ಷೂವಿನ ಜಾಗದಲ್ಲಿರುವುದು ಮಂಡಿ ಕುಣಿತ.

ಮೊದಲ ಮೆಟ್ಟಿಲು ಆರೇಳು ವರ್ಷದ್ದು. ಈ ವಯಸ್ಸಿನವರ ತರಗತಿ ನೋಡಿದರೆ ನೃತ್ಯವೆಂದೇ ಅನ್ನಿಸುವುದಿಲ್ಲ. ಗುರುಗಳು ಬಾಯಲ್ಲಿ ತಾಳ ಹೇಳುತ್ತಾರೆ, ಮಕ್ಕಳು ಕೈಯಲ್ಲಿ ಹಾಕುತ್ತಾರೆ, ಸಾಲಾಗಿ ನಡೆಯುತ್ತಾರೆ. ಗೆಜ್ಜೆ ಇಲ್ಲ. ಹೊರಗೆ ಮಲೆನಾಡಿನ ಮಳೆ ಹೆಂಚಿನ ಮೇಲೆ ಬಡಿಯುವಾಗ ಗುರುಗಳು ಗಂಟಲು ಹರಿದು ಹೇಳಬೇಕಾಗುತ್ತದೆ. ರಂಗದಲ್ಲಿ ಇವರಿಂದ ಕೇಳಬಹುದಾದದ್ದು ಇಷ್ಟೇ: ತಾಳಕ್ಕೆ ಪಾದ ಬೀಳುತ್ತಿದೆಯೇ, ಪಕ್ಕದವರಿಗೆ ಡಿಕ್ಕಿ ಹೊಡೆಯದೆ ಸಾಲು ಉಳಿಯುತ್ತಿದೆಯೇ. ಮಗು ಪರದೆಯ ಕಡೆ ನೋಡಿ ಗುರುವನ್ನು ಹುಡುಕಿದರೆ ಅದು ತಪ್ಪಲ್ಲ. ಬಾಲಗೋಪಾಲ, ಕೃಷ್ಣನ ಗೆಳೆಯರು, ಹೆಚ್ಚೆಂದರೆ ಮಾರ್ಕಂಡೇಯ. ಈ ವಯಸ್ಸಿಗೆ ಅದು ಧಾರಾಳವಾಯಿತು.

ಒಂಬತ್ತರಿಂದ ಹನ್ನೊಂದರವರೆಗಿನದು ತಾಳದ ಕಾಲ. ಏಕತಾಳದ ನಾಲ್ಕು ಅಕ್ಷರ ಎಲ್ಲರಿಗೂ ಒಲಿಯುತ್ತದೆ, ರೂಪಕದ ಆರೂ ಬರುತ್ತದೆ. ತ್ರಿವುಡೆಯ ಏಳು, ಝಂಪೆಯ ಹತ್ತು ಬಂದಾಗ ಸಾಲಿನಲ್ಲಿ ಅರ್ಧ ಮಕ್ಕಳ ಕಾಲು ತಡವರಿಸುತ್ತದೆ. ಗೆಜ್ಜೆ ಕಟ್ಟುವುದೂ ಸುಮಾರಾಗಿ ಈ ಹೊತ್ತಿಗೇ. ಗೆಜ್ಜೆಯೆಂದರೆ ಅಲಂಕಾರ ಎಂದುಕೊಂಡವರು ಹತ್ತಿರ ಕೂತು ಕೇಳಬೇಕು, ತಪ್ಪನ್ನು ಅದು ಎಲ್ಲರಿಗೂ ಸಾರಿಬಿಡುತ್ತದೆ. ಹೊಸ ಪ್ರೇಕ್ಷಕರು ಒಂದು ಪದ್ಯದ ಮಟ್ಟಿಗೆ ಕಣ್ಣು ಮುಚ್ಚಿ ಗೆಜ್ಜೆ ಮತ್ತು ಮದ್ದಳೆಯನ್ನಷ್ಟೇ ಆಲಿಸಿದರೆ, ಯಾರ ಅಭ್ಯಾಸ ಗಟ್ಟಿ ಎಂಬುದು ತಾನಾಗಿ ಗೊತ್ತಾಗುತ್ತದೆ.

ಆಮೇಲೆ ಕಣ್ಣು ಬಿಟ್ಟು ಮುಕ್ತಾಯವನ್ನು ನೋಡಬೇಕು. ಭಾಗವತರು ಪದ್ಯದ ಕೊನೆಯ ಸಾಲಿಗೆ ಬರುತ್ತಾರೆ. ಮದ್ದಳೆ ಬಿಗಿಯುತ್ತದೆ, ಚಂಡೆ ಸೇರಿಕೊಳ್ಳುತ್ತದೆ. ಮಗುವಿಗೆ ಆ ಹೊತ್ತಿನಲ್ಲಿ ಮೂರು ಕೆಲಸ: ಹಾಡಿನ ಮಾತು ಕೇಳಬೇಕು, ಹೆಜ್ಜೆಯ ಗುಂಪು ಬದಲಿಸಬೇಕು, ಕೊನೆಯ ಪೆಟ್ಟಿಗೆ ಸರಿಯಾಗಿ ಪಾದ ಊರಿ ನಿಲ್ಲಬೇಕು. ಕಲಿತ ಮಗು ಕೊನೆಯ ಪೆಟ್ಟಿನಲ್ಲಿ ನಿಂತ ಮೇಲೆ ಅಲುಗುವುದಿಲ್ಲ. ಕಲಿಯದ್ದು ಇನ್ನೊಂದು ಅರೆಹೆಜ್ಜೆ ಹಾಕಿ, ಬಟ್ಟೆ ಸರಿಮಾಡಿಕೊಂಡು, ಮಾತಿಗೆ ಶುರುಮಾಡುತ್ತದೆ. ಚಪ್ಪಾಳೆ ತಟ್ಟುವುದಾದರೆ ಆ ನಿಲುಗಡೆಗೆ ತಟ್ಟಬೇಕು.

ಹನ್ನೆರಡರಿಂದ ಹದಿನಾಲ್ಕು ಎಲ್ಲಕ್ಕಿಂತ ಕಷ್ಟದ ವಯಸ್ಸು, ಸೂಕ್ಷ್ಮವಾಗಿ ನೋಡುವವರಿಗೆ ಎಲ್ಲಕ್ಕಿಂತ ಕುತೂಹಲದ್ದೂ ಹೌದು. ಪಾತ್ರ ರಂಗಕ್ಕೆ ಬರುವ ಒಡ್ಡೋಲಗ, ತೆರೆ ಕುಣಿತ ಕಲಿಯುವುದು ಈಗ. ಅಭಿಮನ್ಯು, ಬಭ್ರುವಾಹನ, ಲವಕುಶರಂಥ ಪಾತ್ರಗಳು ಇವರಿಗೆಂದೇ ಬರೆದಂತಿವೆ. ಪಾತ್ರದ ವಯಸ್ಸು, ಪಾತ್ರಧಾರಿಯ ವಯಸ್ಸು ಹೆಚ್ಚುಕಡಿಮೆ ಒಂದೇ. ಜೊತೆಗೆ ಪೂರ್ಣ ವೇಷದ ಭಾರ ಮೊದಲ ಸಲ ಮೈಮೇಲೆ ಬೀಳುತ್ತದೆ: ಕಸೆ ಸೀರೆ, ಎದೆಕಟ್ಟು, ಭುಜಕೀರ್ತಿ, ವೀರಗಾಸೆ, ತಲೆಗೆ ಬಿಗಿದ ಮುಂದಲೆ. ವೇಷ ಕಟ್ಟುವ ಚೌಕಿಯಲ್ಲಿ ಹಗ್ಗ ಬಿಗಿಯುವವರು ತುಸು ಹೆಚ್ಚು ಎಳೆದರೆ ಉಸಿರು ಕಟ್ಟುತ್ತದೆ, ಸಡಿಲ ಬಿಟ್ಟರೆ ಕುಣಿಯುವಾಗ ಮುಂದಲೆ ಕಣ್ಣಿನ ಮೇಲೆ ಜಾರುತ್ತದೆ. ತರಗತಿಯಲ್ಲಿ ಚೆನ್ನಾಗಿ ಕುಣಿಯುವ ಹುಡುಗ ರಂಗದಲ್ಲಿ ಮಂಕಾದರೆ ಕಾರಣ ಹಲವು ಸಲ ಇಷ್ಟೇ. ವೇಷ ಕಟ್ಟಿಕೊಂಡು ಅಭ್ಯಾಸ ಮಾಡಿಸುವ ಗುರುಗಳ ಶಿಷ್ಯರು ಬೇಗ ಗುರುತು ಸಿಗುತ್ತಾರೆ.

ಇದೇ ಹೊತ್ತಿಗೆ ಮೈಯೂ ಹೇಳಿದ ಮಾತು ಕೇಳುವುದಿಲ್ಲ. ಎತ್ತರ ದಿಢೀರನೆ ಏರುತ್ತದೆ, ನಿನ್ನೆ ಸಲೀಸಾಗಿ ಬಂದ ಹೆಜ್ಜೆ ಇವತ್ತು ತೊಡರುತ್ತದೆ. ಹುಡುಗರ ದನಿ ಒಡೆಯುತ್ತದೆ. ಹೋದ ವರ್ಷ ಏರುದನಿಯಲ್ಲಿ ಗರ್ಜಿಸಿದ ಅಭಿಮನ್ಯು ಈ ವರ್ಷ ಅರ್ಧ ವಾಕ್ಯದಲ್ಲಿ ಕೀಚಲಾಗಿ, ಸಭೆ ಕಿಸಕ್ಕೆನ್ನುತ್ತದೆ. ನಗಬಾರದು, ಒಂದೆರಡು ವರ್ಷ ಅವನಿಗೆ ಕಡಿಮೆ ಮಾತಿನ ವೇಷ ಕೊಡುವುದು ಜಾಣತನ. ಇನ್ನು ಮಂಡಿ. ನೆಲಕ್ಕೆ ಮೊಣಕಾಲೂರಿ ತಿರುಗುವ ಈ ಕುಣಿತ ಬಡಗಿನ ಹೆಮ್ಮೆ, ಅದರಲ್ಲಿ ಅನುಮಾನವಿಲ್ಲ. ಆದರೆ ಬೆಳೆಯುವ ವಯಸ್ಸಿನಲ್ಲಿ, ಜಿಗಿತ ಮತ್ತು ಮೊಣಕಾಲೂರುವುದು ಹೆಚ್ಚಾದಾಗ ಚಿಪ್ಪಿನ ಕೆಳಗೆ ನೋವು ಕಾಣಿಸಿಕೊಳ್ಳುವುದು ಮೂಳೆ ವೈದ್ಯರಿಗೆ ದಿನನಿತ್ಯದ ವಿಷಯ. ಅದೂ ಸಿಮೆಂಟು ನೆಲದ ಮೇಲೆ. ಹತ್ತು ವರ್ಷದ ಮಗುವಿನಿಂದ ಸುತ್ತಿನ ಮೇಲೆ ಸುತ್ತು ಮಂಡಿ ಹಾಕಿಸಿ ಚಪ್ಪಾಳೆ ಗಿಟ್ಟಿಸುವ ತಂಡಕ್ಕೆ ಚಪ್ಪಾಳೆ ಕೊಡದಿರುವುದೇ ಸರಿ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ, 84ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಸ್ವಲ್ಪ ಮೊದಲಿನವರೆಗೂ ವೇಷ ಕಟ್ಟಿದರು. ಅಷ್ಟು ದೂರದ ದಾರಿ ಇದು, ಮೊಣಕಾಲನ್ನು ಮೊದಲ ಫರ್ಲಾಂಗಿನಲ್ಲೇ ಸವೆಸುವುದೇಕೆ?

ಹದಿನೈದು ದಾಟಿದವರನ್ನು ಮಾತಿನಲ್ಲಿ ಅಳೆಯಬೇಕು. ಸಣ್ಣ ಮಕ್ಕಳು ಗುರು ಬರೆದುಕೊಟ್ಟದ್ದನ್ನು ಬಾಯಿಪಾಠ ಒಪ್ಪಿಸುತ್ತಾರೆ, ಅದು ಸಹಜ. ಆದರೆ ಯಕ್ಷಗಾನದ ಮಾತು ಮೂಲತಃ ಆಶುಮಾತು. ಕುಂದಾಪುರದ ಕಡೆ ನವರಾತ್ರಿಯಲ್ಲಿ ನಡೆಯುವ ಹೂವಿನಕೋಲು ಇದಕ್ಕೆ ಹಳೆಯ ಪಾಠಶಾಲೆ: ಹುಡುಗರು ಹೂ ಕಟ್ಟಿದ ಕೋಲು ಹಿಡಿದು, ಭಾಗವತರ ಜೊತೆ ಮನೆಮನೆಗೆ ಹೋಗಿ, ವೇಷವಿಲ್ಲದೆ ಕೂತು ಪ್ರಸಂಗದ ಮಾತು ಆಡುತ್ತಿದ್ದರು. ಸಾಲಿಗ್ರಾಮ ಮಕ್ಕಳ ಮೇಳದವರು ಅದನ್ನು ಉಳಿಸಿಕೊಳ್ಳಲು ದುಡಿದಿದ್ದಾರೆ. ಮಲೆನಾಡಿನಲ್ಲಿ ಮಳೆಗಾಲದ ತಾಳಮದ್ದಳೆಗೆ ದೊಡ್ಡವರ ಜೊತೆ ಬಂದು ಕೂರುವ ಹುಡುಗ ಹುಡುಗಿಯರಿಗೂ ಅದೇ ಲಾಭ. ರಂಗದಲ್ಲಿ ನೋಡಬೇಕಾದದ್ದು ಎದುರಾಳಿಯ ಮಾತು ಕೇಳಿಸಿಕೊಳ್ಳುವ ಮುಖವನ್ನು. ಕೃಷ್ಣ ಮಾತಾಡುವಾಗ ಅರ್ಜುನ ತನ್ನ ಮುಂದಿನ ವಾಕ್ಯವನ್ನು ಮನಸ್ಸಿನಲ್ಲಿ ಗುನುಗುತ್ತಿದ್ದರೆ ಕಣ್ಣಿನಲ್ಲೇ ಗೊತ್ತಾಗುತ್ತದೆ. ಕೇಳಿ, ಅದಕ್ಕೆ ಉತ್ತರ ಕೊಟ್ಟರೆ ಅವನು ಕಲಾವಿದನಾಗುವ ದಾರಿಯಲ್ಲಿದ್ದಾನೆ.

ಸ್ತ್ರೀವೇಷವನ್ನು ಇನ್ನೂ ಕೆಲವರು ಕುಣಿತ ಬಾರದವರ ಪಾಲು ಎಂದುಕೊಂಡಿದ್ದಾರೆ. ವ್ಯವಸಾಯಿ ಮೇಳಗಳಲ್ಲಿ ಗಂಡಸರೇ ಕಟ್ಟುತ್ತ ಬಂದ ಈ ವೇಷದಲ್ಲಿ ಜಿಗಿತದ ಆಸರೆ ಇಲ್ಲ. ಲಯ, ಕೈ, ಕಣ್ಣುಗಳಲ್ಲೇ ಎಲ್ಲವೂ ನಡೆಯಬೇಕು. ಈಗ ಮಕ್ಕಳ ತಂಡಗಳಲ್ಲಿ ಹುಡುಗಿಯರೇ ಎಷ್ಟೋ ಕಡೆ ಹೆಚ್ಚು. ಅವರು ವೀರವೇಷವನ್ನೂ ಕಟ್ಟುತ್ತಾರೆ, ಚಂಡೆಯ ಪೆಟ್ಟಿಗೆ ಕಾಲು ಕೊಡುವುದರಲ್ಲಿ ಯಾರಿಗೂ ಕಡಿಮೆಯಿಲ್ಲ.

ಮಗುವನ್ನು ತರಗತಿಗೆ ಸೇರಿಸಬೇಕೆಂದಿರುವವರು ಪ್ರದರ್ಶನ ನೋಡಿ ಗುರುವನ್ನು ಆರಿಸುವುದಕ್ಕಿಂತ, ಒಂದು ಸಾಮಾನ್ಯ ಭಾನುವಾರದ ತರಗತಿಗೆ ಹೋಗಿ ಮೂಲೆಯಲ್ಲಿ ಕೂರುವುದು ಒಳ್ಳೆಯದು. ಮಕ್ಕಳಿಗೆ ತಾಳ ಹಾಕಲು ಬರುತ್ತದೆಯೇ, ಮದ್ದಳೆಯವರು ಅಭ್ಯಾಸಕ್ಕೂ ಬರುತ್ತಾರೆಯೇ ಅಥವಾ ಮೊಬೈಲಿನ ಹಾಡಿಗೇ ಕುಣಿಸುತ್ತಾರೆಯೇ, ಆರು ವರ್ಷದವರನ್ನೂ ಹದಿನಾರರವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾರೆಯೇ ಎಂದು ಗಮನಿಸಿ. ಧ್ವನಿಮುದ್ರಿಕೆಗೆ ಕುಣಿದು ಬೆಳೆದ ಮಗುವಿಗೆ ಭಾಗವತರು ಒಂದು ಸಾಲನ್ನು ಇನ್ನೊಮ್ಮೆ ಹಾಡಿದರೆ ಗಾಬರಿಯಾಗುತ್ತದೆ.

ಇನ್ನು ಪ್ರೇಕ್ಷಕರಿಗೆ ಒಂದು ಕೋರಿಕೆ. ಮಕ್ಕಳ ಆಟಕ್ಕೆ ಕಿರೀಟದ ವೇಷ ಬರುವ ಹೊತ್ತಿಗೆ ಹೋಗಬೇಡಿ. ಬಾಲಗೋಪಾಲರು ಕುಣಿಯುವಾಗಲೇ ಹೋಗಿ, ಹಿಮ್ಮೇಳದ ಹತ್ತಿರ ಕೂತು, ಫೋನು ಜೇಬಿಗೆ ಹಾಕಿ.